ಹುಳದ ಆಯುಷ್ಯ ನೋಡಿ ಇನ್ಸುಲಿನ್ ಬಿಡಬೇಡಿ

ಮಾನ್ಯರೇ,

‘ಇನ್ಸುಲಿನ್ ತಗ್ಗಿದರೆ ಆಯುಷ್ಯ ದುಪ್ಪಟ್ಟು!’ ಎಂಬ ತಲೆಬರಹದ ಲೇಖನವೊಂದು ಕಳೆದ ತಿಂಗಳು ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ಅಮೆರಿಕದ ಆಣ್ವಿಕ ಜೀವವಿಜ್ಞಾನಿ ಸಿಂಥಿಯಾ ಕೆನ್ಯನ್ ಅವರ ಸಂಶೋಧನೆಯ ಪರಿಚಯ ಅದು. ಬರೆದವರು ಓದಿಕೊಂಡೇ ಬರೆದಿದ್ದಾರೆ, ಹೆಸರು ಇಸವಿ ಎಲ್ಲ ಸರಿಯಾಗಿಯೇ ಇತ್ತು. ಆದರೆ ಆಯುಷ್ಯ ದುಪ್ಪಟ್ಟಾದದ್ದು ಒಂದು ಹುಳದ್ದು ಎಂಬ ಸಂಗತಿ ಮೂರನೇ ಪ್ಯಾರಾದವರೆಗೆ ಕಾಣಿಸಲಿಲ್ಲ. ಬೆಳಗಿನ ಚಾ ಕುಡಿಯುತ್ತಾ ಪೇಪರ್ ತಿರುವುವವರಲ್ಲಿ ಎಷ್ಟು ಮಂದಿ ಮೂರನೇ ಪ್ಯಾರಾ ಮುಟ್ಟುತ್ತಾರೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಾನು ಮಂಗಳೂರಿನ ಕಂಕನಾಡಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡವಳು. ಅಪ್ಪ ಶುರು ಮಾಡಿದ್ದು, ಬಿ.ಫಾರ್ಮಾ ಮುಗಿಸಿ ನಾನು ಮುಂದುವರಿಸಿದ್ದು. ಅಂಗಡಿಯ ಫ್ರಿಜ್ಜಿನಲ್ಲಿ ಮುಕ್ಕಾಲು ಪಾಲು ಇನ್ಸುಲಿನ್ನೇ. ತಿಂಗಳ ಮೊದಲ ವಾರ ತಪ್ಪದೆ ಬರುವ ಗಿರಾಕಿಗಳಲ್ಲಿ ಬೋಳಾರದ ಕಡೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಇದ್ದಾರೆ. ಈ ಸಲ ಅವರು ಬರಲಿಲ್ಲ, ಸೊಸೆ ಬಂದರು, ಕೈಯಲ್ಲಿ ನಿಮ್ಮ ಪತ್ರಿಕೆಯ ತುಂಡು. ತಲೆಬರಹದ ಕೆಳಗೆ ಕೆಂಪು ಶಾಯಿಯ ಗೆರೆ, ಸ್ಕೇಲ್ ಇಟ್ಟು ಎಳೆದದ್ದು. ಮಾವ ರಾತ್ರಿಯ ಇಂಜೆಕ್ಷನ್ ತಾವಾಗಿಯೇ ನಿಲ್ಲಿಸಿದ್ದರು, ಬೆಳಗಿನದನ್ನು ಅರ್ಧಕ್ಕೆ ಇಳಿಸಿದ್ದರು. ಕೇಳಿದರೆ, ‘ಪೇಪರಿನಲ್ಲೇ ಉಂಟಲ್ಲ’ ಎಂಬ ಉತ್ತರ. ಗ್ಲುಕೋಮೀಟರ್ ನಾನೂರರ ಮೇಲೆ ತೋರಿಸುತ್ತಿತ್ತಂತೆ. ಇವತ್ತೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ ಎಂದೆ. ಹೋದರು, ಈಗ ಹುಷಾರಾಗಿದ್ದಾರೆ. ಆದರೆ ಅದೇ ಪ್ರಶ್ನೆಯನ್ನು ಆಮೇಲೆ ಇನ್ನೂ ಕೆಲವರು ಕೌಂಟರಿನಲ್ಲಿ ಕೇಳಿದ ಮೇಲೆ ಬರೆಯದೆ ಬೇರೆ ದಾರಿ ಇರಲಿಲ್ಲ.

ಮೊದಲು ಆ ಹುಳದ ವಿಚಾರ. ಹೆಸರು ಸಿ. ಎಲಿಗಾನ್ಸ್, ಉದ್ದ ಒಂದು ಮಿಲಿಮೀಟರ್. ಕೊಳೆತ ಹಣ್ಣು, ಎಲೆಗೊಬ್ಬರದ ನಡುವೆ ಬ್ಯಾಕ್ಟೀರಿಯಾ ತಿಂದುಕೊಂಡು ಬದುಕುತ್ತದೆ, ಯಾರಿಗೂ ಉಪದ್ರ ಇಲ್ಲ. ಅಡಿಕೆಯ ಬೇರು ಕೊರೆಯುವ, ಕಾಳುಮೆಣಸಿನ ಬಳ್ಳಿ ಹಳದಿ ಮಾಡುವ ಜಂತುಗಳು, ಮಕ್ಕಳ ಹೊಟ್ಟೆಯಲ್ಲಿ ಸೇರಿಕೊಳ್ಳುವ ಜಂತುಗಳು ಎಲ್ಲ ಇದರ ನೆಂಟರೇ. ನಾವು ಅಲ್ಬೆಂಡಜೋಲ್ ಕೊಟ್ಟು ಕೊಲ್ಲುವ ಕುಲದಲ್ಲಿ ಹುಟ್ಟಿದ ಸಾಧು ಪ್ರಾಣಿ. ಸಿಡ್ನಿ ಬ್ರೆನ್ನರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಕೇಂಬ್ರಿಡ್ಜಿನಲ್ಲಿ ಇದನ್ನು ಆರಿಸಿಕೊಂಡರು. ಮೈ ಪಾರದರ್ಶಕ, ಸೂಕ್ಷ್ಮದರ್ಶಕದಡಿ ಒಳಗಿನದೆಲ್ಲ ಕಾಣುತ್ತದೆ. ಬೆಳೆದ ಹುಳದ ದೇಹದಲ್ಲಿ, ಸಂತಾನೋತ್ಪತ್ತಿಯ ಕೋಶಗಳನ್ನು ಬಿಟ್ಟರೆ, ಜೀವಕೋಶಗಳು 959, ಅದರಲ್ಲಿ ನರಕೋಶಗಳು 302. ಒಂದೊಂದು ಕೋಶವೂ ಎಲ್ಲಿಂದ ಹುಟ್ಟಿತು ಎಂಬ ವಂಶವೃಕ್ಷವನ್ನೇ ಬರೆದಿಟ್ಟಿದ್ದಾರೆ. ಬ್ರೆನ್ನರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳಿಗೆ 2002ರಲ್ಲಿ ನೊಬೆಲ್ ಬಂತು. ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಮೂರು ದಿನ, ಒಟ್ಟು ಆಯುಷ್ಯ ಎರಡು ಮೂರು ವಾರ. ಮುಪ್ಪಿನ ಅಧ್ಯಯನಕ್ಕೆ ಇದಕ್ಕಿಂತ ಅನುಕೂಲದ ಪ್ರಾಣಿ ಸಿಗುವುದು ಕಷ್ಟ. ಮನುಷ್ಯರ ಮುಪ್ಪನ್ನು ಕಾದು ನೋಡಲು ಹೊರಟವರಿಗೆ ತಮ್ಮ ಮುಪ್ಪೇ ಮೊದಲು ಬಂದುಬಿಡುತ್ತದೆ.

ಈ ಹುಳ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯುವ ಕ್ರಮವೂ ಸರಳ. ತೆಳುವಾದ ಪ್ಲಾಟಿನಂ ತಂತಿಯಿಂದ ಮೆಲ್ಲಗೆ ಮುಟ್ಟುವುದು. ಅಲುಗಿದರೆ ಹಾಜರಿ, ಅಲುಗದಿದ್ದರೆ ಹೆಸರು ಹೊಡೆದುಹಾಕುವುದು. ತಟ್ಟೆಗಟ್ಟಲೆ ಹುಳಗಳನ್ನು ಹೀಗೆ ಮುಟ್ಟಿ ಮುಟ್ಟಿ ಲೆಕ್ಕ ಬರೆಯಬೇಕು. ಆ ಲೆಕ್ಕದ ಪುಸ್ತಕದಿಂದಲೇ ಕೆನ್ಯನ್ ಅವರ ಸಂಶೋಧನೆ ಹೊರಬಂದದ್ದು.

ಆ ಕಾಲದಲ್ಲಿ ಮುಪ್ಪು ಎಂದರೆ ಸವೆತ, ಬಳಸಿದ ವಸ್ತು ಹಾಳಾಗುವ ಹಾಗೆ ದೇಹವೂ ಹಾಳಾಗುತ್ತದೆ, ಅದರಲ್ಲಿ ಹುಡುಕಲು ಏನಿದೆ ಎಂದು ಹೆಚ್ಚಿನ ಜೀವವಿಜ್ಞಾನಿಗಳು ತಿಳಿದಿದ್ದರು. 1980ರ ದಶಕದಲ್ಲೇ ಮೈಕೆಲ್ ಕ್ಲಾಸ್, ಟಾಮ್ ಜಾನ್ಸನ್ ಇಂಥವರು ಹೆಚ್ಚು ಕಾಲ ಬದುಕುವ ಹುಳಗಳನ್ನು ಬೇರ್ಪಡಿಸಿ ‘ಏಜ್-1’ ಎಂಬ ಜೀನಿನ ಕಡೆ ಕೈ ತೋರಿಸಿದ್ದರು, ಆದರೂ ನಂಬಿದವರು ಕಡಿಮೆ. ಬ್ರೆನ್ನರರ ಪ್ರಯೋಗಾಲಯದಲ್ಲೇ ಪಳಗಿದ ಕೆನ್ಯನ್ ಆಗ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದರು. ‘ಡ್ಯಾಫ್-2’ ಎಂಬ ಒಂದೇ ಒಂದು ಜೀನ್ ಸ್ವಲ್ಪ ದುರ್ಬಲವಾಗಿರುವ ಹುಳಗಳು ಸಾಮಾನ್ಯ ಹುಳಗಳ ಎರಡರಷ್ಟು ಕಾಲ ಬದುಕುತ್ತವೆ ಎಂದು 1993ರ ಡಿಸೆಂಬರಿನಲ್ಲಿ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಬರೀ ಉಸಿರು ಹಿಡಿದುಕೊಂಡು ಬಿದ್ದದ್ದಲ್ಲ. ಓರಗೆಯ ಹುಳಗಳು ಸತ್ತು ಮುಗಿದ ಮೇಲೂ ಇವು ತಟ್ಟೆಯಲ್ಲಿ ಹರಿದಾಡುತ್ತಿದ್ದವು. ಇನ್ನೊಂದು ಜೀನ್ ‘ಡ್ಯಾಫ್-16’ ಅನ್ನು ಕೆಡಿಸಿದರೆ ಮಾತ್ರ ಈ ಹೆಚ್ಚುವರಿ ಆಯುಷ್ಯ ಪೂರ್ತಿ ಮಾಯ. ಅಂದರೆ ಮುಪ್ಪಿನ ವೇಗಕ್ಕೆ ಒಂದು ನಿಯಂತ್ರಣ ಇದೆ, ಅದು ಜೀನುಗಳ ಕೈಯಲ್ಲಿದೆ. ದೊಡ್ಡ ಸುದ್ದಿ ಅದು. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿದ್ದು ಒಂದೂವರೆ ಸಾಲು, ಉಳಿದದ್ದೆಲ್ಲ ನೂರೈವತ್ತು ವರ್ಷ ಬದುಕುವ ಮನುಷ್ಯರ ಕನಸು.

ಡ್ಯಾಫ್-2 ಎಂದರೆ ಏನು ಎಂಬುದು ಗೊತ್ತಾದದ್ದು 1997ರಲ್ಲಿ. ಗ್ಯಾರಿ ರವ್ಕುನ್ ಅವರ ತಂಡ ಆ ಜೀನನ್ನು ಓದಿ ನೋಡಿದಾಗ, ಅದು ಮನುಷ್ಯರ ದೇಹದಲ್ಲಿ ಇನ್ಸುಲಿನ್ನನ್ನು ಹಿಡಿದುಕೊಳ್ಳುವ ಗ್ರಾಹಕದ (ರಿಸೆಪ್ಟರ್), ಮತ್ತು ಬೆಳವಣಿಗೆಗೆ ನೆರವಾಗುವ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನಿನ ಗ್ರಾಹಕದ ಹತ್ತಿರದ ಸಂಬಂಧಿ ಎಂದು ಕಂಡಿತು. (ಜೀನುಗಳನ್ನು ಹತೋಟಿಯಲ್ಲಿಡುವ ಪುಟ್ಟ ಅಣುವಾದ ಮೈಕ್ರೋ ಆರ್‌ಎನ್‌ಎಗಾಗಿ 2024ರಲ್ಲಿ ನೊಬೆಲ್ ಪಡೆದ ರವ್ಕುನ್ ಇವರೇ. ಅದೂ ಇದೇ ಹುಳದಿಂದ ಬಂದದ್ದು. ಈ ಹುಳ ಎಷ್ಟು ಮಂದಿಯ ಮನೆಗೆ ನೊಬೆಲ್ ಕಳಿಸಿದೆಯೋ!) ‘ಇನ್ಸುಲಿನ್’ ಎಂಬ ಪದ ನಿಮ್ಮ ತಲೆಬರಹಕ್ಕೆ ಬಂದದ್ದು ಈ ದಾರಿಯಲ್ಲಿ.

ಗಿರಾಕಿಗಳಿಗೆ ನಾನು ಇದನ್ನು ವಿವರಿಸುವುದು ಮಳೆಗಾಲದ ಮೀನುಗಾರಿಕೆ ನಿಷೇಧದ ಲೆಕ್ಕದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಧಕ್ಕೆಯಲ್ಲೂ ಮಲ್ಪೆಯಲ್ಲೂ ಬೋಟುಗಳು ಕಡಲಿಗಿಳಿಯುವುದಿಲ್ಲ. ದುಡಿಮೆ ಇಲ್ಲ, ಆದರೆ ಕೆಲಸ ಇದೆ. ಬಲೆ ಹೆಣೆಯುತ್ತಾರೆ, ಇಂಜಿನ್ ಬಿಚ್ಚುತ್ತಾರೆ, ಅಡಿಯ ಹಲಗೆಗೆ ಬಣ್ಣ ಬಳಿಯುತ್ತಾರೆ. ಊಟ ಧಾರಾಳ ಇರುವಾಗ ಇನ್ಸುಲಿನ್ ಮಾದರಿಯ ಹಾರ್ಮೋನುಗಳು ಹುಳದ ಜೀವಕೋಶಕ್ಕೆ ಹೇಳುವುದು ‘ಬೆಳೆ, ಮೊಟ್ಟೆ ಇಡು’ ಎಂದು. ಆ ಸಂದೇಶ ಕ್ಷೀಣಿಸಿದಾಗ ಹೊರಗೆ ಕಾದು ನಿಂತಿದ್ದ ಡ್ಯಾಫ್-16 ಪ್ರೋಟೀನು ಕೋಶಕೇಂದ್ರದ ಒಳಗೆ ಹೋಗಿ ದುರಸ್ತಿಯ ಜೀನುಗಳನ್ನು ಚಾಲೂ ಮಾಡುತ್ತದೆ. ಆಮ್ಲಜನಕದ ಉಗ್ರ ರೂಪಗಳಿಂದ ಆಗುವ ಹಾನಿ ತಡೆಯುವ ಕಿಣ್ವಗಳು, ಕೆಟ್ಟು ಮುದ್ದೆಯಾಗುವ ಪ್ರೋಟೀನುಗಳನ್ನು ಸರಿಪಡಿಸುವ ಪ್ರೋಟೀನುಗಳು, ಬ್ಯಾಕ್ಟೀರಿಯಾ ವಿರುದ್ಧದ ರಕ್ಷಣೆ, ಇಂಥ ಹತ್ತಾರು. ಒಂದೊಂದರಿಂದ ಆಗುವ ಪ್ರಯೋಜನ ಸಣ್ಣದು, ಎಲ್ಲ ಸೇರಿ ದೊಡ್ಡದು. ಇನ್ನು ನಿಷೇಧ ವರ್ಷವಿಡೀ ಇದ್ದರೆ? ಬಣ್ಣ ಬಳಿದ ಬೋಟಿದ್ದರೂ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಉಳ್ಳಾಲದ ಬೋಟ್ ಮಾಲಕರೊಬ್ಬರಿಗೆ ಇಷ್ಟು ಹೇಳುವಾಗಲೇ ಉಳಿದದ್ದು ಅರ್ಥವಾಗಿತ್ತು.

ಹುಳದಲ್ಲೂ ಹಾಗೆಯೇ. ಡ್ಯಾಫ್-2 ಸ್ವಲ್ಪ ದುರ್ಬಲವಾದರೆ ದೀರ್ಘಾಯುಷ್ಯ, ಪೂರ್ತಿ ಇಲ್ಲವಾದರೆ ಹುಳ ಬೆಳೆದು ದೊಡ್ಡದಾಗುವುದೇ ಇಲ್ಲ. ದೀರ್ಘಾಯು ಹುಳಗಳನ್ನು ಸಾಮಾನ್ಯ ಹುಳಗಳ ಜೊತೆ ಒಂದೇ ತಟ್ಟೆಯಲ್ಲಿ ಬಿಟ್ಟು ತಲೆಮಾರುಗಳವರೆಗೆ ನೋಡಿದವರಿದ್ದಾರೆ. ಕೆಲವೇ ತಲೆಮಾರುಗಳಲ್ಲಿ ದೀರ್ಘಾಯುಗಳ ಸಂತತಿ ನಿರ್ನಾಮ! ಹೆಚ್ಚು ಕಾಲ ಬದುಕುವುದಕ್ಕೂ ಹೆಚ್ಚು ಮಕ್ಕಳನ್ನು ಬೇಗ ಹಡೆಯುವುದಕ್ಕೂ ನಿಸರ್ಗದ ಲೆಕ್ಕ ಬೇರೆ ಬೇರೆ.

ಈಗ ಮುಖ್ಯ ವಿಷಯ. ಹುಳಕ್ಕೆ ಇನ್ಸುಲಿನ್ ಮಾದರಿಯ ಹಾರ್ಮೋನುಗಳು ಸುಮಾರು 40 ಇದ್ದರೂ ಅವುಗಳಿಗೆ ಇಂಥ ಗ್ರಾಹಕ ಒಂದೇ. ಮನುಷ್ಯರಲ್ಲಿ ಕೆಲಸ ಹಂಚಿಹೋಗಿದೆ. ಇನ್ಸುಲಿನ್ನಿಗೆ ಒಂದು ಗ್ರಾಹಕ, ಐಜಿಎಫ್-1ಕ್ಕೆ ಇನ್ನೊಂದು. ರಕ್ತದ ಸಕ್ಕರೆಯನ್ನು ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಗೆ ಸೇರಿಸುವುದು, ಲಿವರ್ ಸುಮ್ಮನೆ ಸಕ್ಕರೆ ತಯಾರಿಸಿ ಸುರಿಯದಂತೆ ತಡೆಯುವುದು ಇನ್ಸುಲಿನ್ನಿನ ಕೆಲಸ. ಅದನ್ನು ಕಡಿತ ಮಾಡಿದರೆ ಏನಾಗುತ್ತದೆ ಎಂದು ಇಲಿಗಳಲ್ಲಿ ನೋಡಿಯಾಗಿದೆ. 2003ರಲ್ಲಿ ಕೊಬ್ಬಿನ ಅಂಗಾಂಶದಲ್ಲಿ ಮಾತ್ರ ಇನ್ಸುಲಿನ್ ಗ್ರಾಹಕ ಇಲ್ಲದಂತೆ ಮಾಡಿದ ಇಲಿಗಳು ಸುಮಾರು ಶೇ. 18ರಷ್ಟು ಹೆಚ್ಚು ಬದುಕಿದವು. ಇದನ್ನು ನಿಮ್ಮ ಲೇಖನ ಹೇಳಿತ್ತು. ಇಡೀ ದೇಹದಲ್ಲಿ ಆ ಗ್ರಾಹಕ ಇಲ್ಲದಂತೆ ಮಾಡಿದ ಇಲಿಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ರಕ್ತ ಆಮ್ಲೀಯವಾಗಿ, ಸತ್ತವು. ಅದು 1996ರಷ್ಟು ಹಳೆಯ ಫಲಿತಾಂಶ. ಇದನ್ನು ಲೇಖನ ಹೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಮನುಷ್ಯರ ಮೇಲಿನ ಪ್ರಯೋಗ ಬೇರೆ ಬೇಕಾಗಿಲ್ಲ, ಚರಿತ್ರೆಯೇ ಮಾಡಿಟ್ಟಿದೆ. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋದ ಮಕ್ಕಳಿಗೆ 1922ರ ಮೊದಲು ಇದ್ದ ಚಿಕಿತ್ಸೆ ಒಂದೇ, ಉಪವಾಸ. ಎಲುಬಿನ ಹಂದರವಾಗಿ ಕೆಲವು ತಿಂಗಳು ಹೆಚ್ಚು ಬದುಕುತ್ತಿದ್ದರು, ಅಷ್ಟೇ. ಆ ವರ್ಷದ ಜನವರಿಯಲ್ಲಿ ಟೊರೊಂಟೋದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಮೊದಲ ಮದ್ದು ಅಶುದ್ಧವಾಗಿತ್ತು, ಹಿಡಿಯಲಿಲ್ಲ. ಶುದ್ಧಗೊಳಿಸಿ ಮತ್ತೆ ಕೊಟ್ಟಾಗ ಹುಡುಗ ಎದ್ದು ಕೂತ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಐಸಿಎಂಆರ್ ಸಮೀಕ್ಷೆಯ 2023ರ ವರದಿ ಹೇಳುತ್ತದೆ. ಎಲ್ಲರಿಗೂ ಇಂಜೆಕ್ಷನ್ ಬೇಡ, ನಿಜ. ಬೇಕು ಎಂದು ಡಾಕ್ಟರರು ಬರೆದುಕೊಟ್ಟವರಿಗೆ ಅದು ದೇಹದಲ್ಲಿ ಕೊರತೆಯಾದದ್ದನ್ನು ತುಂಬಿಸುವ ಮದ್ದು. ಹುಳದಲ್ಲಿ ಸರಿಯಾಗಿಯೇ ಇದ್ದ ಸಂದೇಶವನ್ನು ತಗ್ಗಿಸಿದರು, ನಮ್ಮ ಹಿರಿಯರು ಈಗಾಗಲೇ ತಗ್ಗಿಹೋದದ್ದನ್ನು ಇನ್ನಷ್ಟು ತಗ್ಗಿಸಲು ಹೊರಟಿದ್ದರು.

ಇನ್ನು ಗಂಜಿಯ ವಿಚಾರ. ಹುಳಗಳ ಆಹಾರಕ್ಕೆ ಗ್ಲುಕೋಸ್ ಬೆರೆಸಿದರೆ ಅವುಗಳ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೆನ್ಯನ್ ಅವರ ತಂಡ 2009ರಲ್ಲಿ ತೋರಿಸಿತು. ಅದನ್ನು ಕಂಡ ಮೇಲೆ ಸ್ವತಃ ಕೆನ್ಯನ್ ಸಿಹಿ ಮತ್ತು ಹಿಟ್ಟಿನ ತಿನಿಸುಗಳನ್ನು ಬಿಟ್ಟರು ಎಂಬುದು ಅವರೇ ಹೇಳಿಕೊಂಡ ಸಂಗತಿ. ಅವರ ಇಷ್ಟ, ಅವರ ದೇಹ. ಲೇಖನ ಇದನ್ನು ಸಲಹೆಯ ಹಾಗೆ ಪೆಟ್ಟಿಗೆ ಕಟ್ಟಿ ಹಾಕಿದ್ದರಿಂದ ನಮ್ಮ ಓಣಿಯಲ್ಲೇ ಕೆಲವು ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿ ಬಂದ್ ಆಯಿತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ರಾತ್ರಿ ಗಂಜಿ ಬಿಟ್ಟು ಮಲಗಿದ ಅಜ್ಜಿಯೊಬ್ಬರಿಗೆ ಬೆಳಗಿನ ಜಾವ ಬೆವರು, ನಡುಕ. ಸಕ್ಕರೆ ಕೆಳಗಿಳಿದಿತ್ತು. ಅನ್ನ ಕಡಿಮೆ ಮಾಡುವುದು ಒಳ್ಳೆಯದಿರಬಹುದು, ಬಂಗುಡೆ ಬಸಳೆ ಹೆಚ್ಚು ತಿನ್ನಲಿ, ನನ್ನ ತಕರಾರಿಲ್ಲ. ಮಾತ್ರೆಯ ಲೆಕ್ಕ ಬದಲಿಸದೆ ಅನ್ನದ ಲೆಕ್ಕ ಬದಲಿಸಬಾರದು, ಅಷ್ಟೇ.

ಲೇಖನ ಬಂದ ವಾರದಿಂದ ಇನ್ನೊಂದು ಬೇಡಿಕೆ ಶುರುವಾಗಿದೆ, ಆಯುಷ್ಯ ಹೆಚ್ಚಿಸುತ್ತವೆ ಎಂದು ಮಾರುವ ಮಾತ್ರೆಗಳದ್ದು. ರೆಸ್ವೆರಟ್ರಾಲ್ ಉಂಟಾ, ಎನ್‌ಎಂಎನ್ ಉಂಟಾ ಎಂದು ಜಿಮ್ಮಿಗೆ ಹೋಗುವ ಹುಡುಗರು ಮೊಬೈಲ್ ಹಿಡಿದು ಬರುತ್ತಾರೆ. ನಾನು ಇಡುವುದಿಲ್ಲ. ಲಾಭ ಚೆನ್ನಾಗಿಯೇ ಇದೆ, ಪ್ರತಿನಿಧಿಗಳು ಬಂದು ಆಸೆ ತೋರಿಸುತ್ತಾರೆ. ರೆಸ್ವೆರಟ್ರಾಲ್ ಹಿಂದೆ ಹೋದ ಸರ್ಟ್ರಿಸ್ ಎಂಬ ಕಂಪನಿಯನ್ನು ಗ್ಲ್ಯಾಕ್ಸೋಸ್ಮಿತ್‌ಕ್ಲೈನ್ 2008ರಲ್ಲಿ 72 ಕೋಟಿ ಡಾಲರ್ ಕೊಟ್ಟು ಕೊಂಡು, 2013ರಲ್ಲಿ ಆ ಘಟಕಕ್ಕೆ ಬೀಗ ಹಾಕಿತು. ಅಷ್ಟು ದೊಡ್ಡ ಕಂಪನಿಗೆ ಮದ್ದು ಸಿಗದ ಕಡೆ ಡಬ್ಬಿಗೆ ಎರಡು ಸಾವಿರ ಕೊಟ್ಟ ಹುಡುಗನಿಗೆ ಏನು ಸಿಗುತ್ತದೆ? ಒಬ್ಬನಂತೂ ಸಿರೊಲಿಮಸ್ ಕೇಳಿದ. ಅದು ಕಿಡ್ನಿ ಬದಲಿಸಿಕೊಂಡವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಮದ್ದು. ಮುದಿ ಇಲಿಗಳ ಆಯುಷ್ಯವನ್ನು ಅದು ಹೆಚ್ಚಿಸಿತು ಎಂಬ 2009ರ ಫಲಿತಾಂಶ ಗಟ್ಟಿಯಾದದ್ದೇ. ಆದರೂ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದೆ. ಮುಖ ಸಿಂಡರಿಸಿ ಹೋದ.

ಹಾಗಾದರೆ ಮನುಷ್ಯರಿಗೂ ಈ ಹುಳಕ್ಕೂ ಸಂಬಂಧವೇ ಇಲ್ಲವೇ? ಇದೆ. ಡ್ಯಾಫ್-16ರ ಸಂಬಂಧಿ ಜೀನ್ ನಮ್ಮಲ್ಲೂ ಇದೆ, ಹೆಸರು ಫಾಕ್ಸೋ-3. ಹವಾಯಿಯಲ್ಲಿ ನೆಲೆಸಿದ ಜಪಾನಿ ಮೂಲದ ಗಂಡಸರಲ್ಲಿ 95 ದಾಟಿದವರಿಗೆ ಈ ಜೀನಿನ ಒಂದು ರೂಪ ಹೆಚ್ಚಾಗಿರುವುದು 2008ರಲ್ಲಿ ಕಂಡುಬಂತು, ಆಮೇಲೆ ಬೇರೆ ಜನಾಂಗಗಳಲ್ಲೂ ಕಂಡಿತು. ಇಕ್ವೆಡಾರಿನ ಬೆಟ್ಟದೂರುಗಳಲ್ಲಿ ಲಾರಾನ್ ಸಿಂಡ್ರೋಮ್ ಇರುವ ಕುಳ್ಳ ಮಂದಿ ಇದ್ದಾರೆ. ಬೆಳವಣಿಗೆ ಹಾರ್ಮೋನಿನ ಗ್ರಾಹಕ ಕೆಟ್ಟಿರುವುದರಿಂದ ಅವರಲ್ಲಿ ಐಜಿಎಫ್-1 ತೀರಾ ಕಡಿಮೆ. ಅವರಿಗೆ ಕ್ಯಾನ್ಸರ್ ಅಪರೂಪ, ಮಧುಮೇಹ ಕಾಣಿಸಿಯೇ ಇಲ್ಲ ಎಂದು 2011ರ ಅಧ್ಯಯನ ಹೇಳಿತು. ಹಾಗೆಂದು ಅವರು ನೆರೆಹೊರೆಯವರಿಗಿಂತ ಹೆಚ್ಚು ವರ್ಷ ಬದುಕಿಲ್ಲ. ಅಪಘಾತ, ಕುಡಿತ ಅವರನ್ನೂ ಬಿಟ್ಟಿಲ್ಲ.

ನಮ್ಮ ಕಡೆ ಆಯುಷ್ಯವನ್ನು ಮನೆತನಕ್ಕೆ ಕಟ್ಟುವುದು ರೂಢಿ. ಕೋಟದ ಶಿವರಾಮ ಕಾರಂತರು 95 ವರ್ಷ ಬದುಕಿದರು, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿಸಿ 2015ರಲ್ಲಿ ಹೋದರು. ಅವರ ಹೆಸರು ಬಂದಾಗೆಲ್ಲ ‘ಆ ರಕ್ತವೇ ಹಾಗೆ ಮಾರಾಯ್ರೆ’ ಎನ್ನುವವರು ಇದ್ದೇ ಇರುತ್ತಾರೆ. ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಆಯುಷ್ಯದ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸುಮಾರು ಕಾಲುಭಾಗ ಎಂದಿತು. ಕೆನ್ಯನ್ ಆಮೇಲೆ ಸೇರಿದ ಕ್ಯಾಲಿಕೋ ಎಂಬ ಗೂಗಲ್ ಕೃಪೆಯ ಕಂಪನಿಯ ವಿಜ್ಞಾನಿಗಳೇ 2018ರಲ್ಲಿ ಕೋಟಿಗಟ್ಟಲೆ ಜನರ ವಂಶಾವಳಿ ಜಾಲಾಡಿ, ಅದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎಂದರು. ಚರ್ಚೆ ಇನ್ನೂ ನಡೆದಿದೆ. ಗಂಡ ಹೆಂಡತಿಯರ ಆಯುಷ್ಯ ಕೂಡ ಹೊಂದಿಕೆಯಾಗುವುದನ್ನು ಅವರು ಕಂಡರು. ಇಬ್ಬರಲ್ಲಿ ರಕ್ತಸಂಬಂಧ ಇಲ್ಲವಲ್ಲ.

ಸಂಪಾದಕರಲ್ಲಿ ಎರಡು ಕೋರಿಕೆ. ಒಂದು, ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಒಂದು ಸ್ಪಷ್ಟನೆ ಹಾಕಿ. ಮೂಲೆಯಲ್ಲಿ ಇರುವೆ ಗಾತ್ರದ ತಿದ್ದುಪಡಿ ಬೇಡ. ಎರಡು, ಇನ್ನು ಮುಂದೆ ಇಂಥ ಸುದ್ದಿಯ ತಲೆಬರಹದಲ್ಲೇ ಪ್ರಾಣಿಯ ಹೆಸರು ಇರಲಿ. ‘ಹುಳದ ಆಯುಷ್ಯ ದುಪ್ಪಟ್ಟು’ ಎಂದಿದ್ದರೆ ಬೋಳಾರದವರು ಕೆಂಪು ಶಾಯಿ ತೆಗೆಯುತ್ತಿರಲಿಲ್ಲ. ಮಣಿಪಾಲದಲ್ಲಿ, ದೇರಳಕಟ್ಟೆಯಲ್ಲಿ, ಕೊಣಾಜೆಯಲ್ಲಿ ಇಷ್ಟೊಂದು ಡಾಕ್ಟರರು, ಪ್ರಾಧ್ಯಾಪಕರು ಇರುವಾಗ ಅಚ್ಚಿಗೆ ಹೋಗುವ ಮೊದಲು ಒಬ್ಬರಿಗೆ ಫೋನ್ ಮಾಡಿ ಕೇಳುವುದು ಕಷ್ಟದ ಕೆಲಸವಲ್ಲ. ಹುಳದ ಬಗ್ಗೆ ಬರೆಯಬೇಡಿ ಎನ್ನುವುದಿಲ್ಲ, ಇಡೀ ಪುಟ ಬರೆಯಿರಿ, ನಾನು ಅಂಗಡಿಯ ಗಾಜಿಗೆ ಅಂಟಿಸುತ್ತೇನೆ.

ಈ ನಡುವೆ ಲೇಖನ ನೋಡಿ ಡೋಸ್ ತಗ್ಗಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಬಿಟ್ಟದ್ದನ್ನೆಲ್ಲ ಸೇರಿಸಿ ಒಟ್ಟಿಗೆ ಚುಚ್ಚಿಕೊಳ್ಳಬೇಡಿ, ಸಕ್ಕರೆ ಒಮ್ಮೆಲೇ ಕುಸಿದು ಅಪಾಯ. ಎಷ್ಟರಿಂದ ಮತ್ತೆ ಶುರು ಮಾಡಬೇಕು ಎಂದು ನಿಮ್ಮ ಡಾಕ್ಟರರನ್ನೇ ಕೇಳಿ. ವಿಪರೀತ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಓಪಿಡಿಯ ಚೀಟಿಗೆ ಕಾಯದೆ ಸೀದಾ ತುರ್ತು ವಿಭಾಗಕ್ಕೆ ಹೋಗಿ. ಇನ್ನು ಆಗ ತೆರೆದು ಹಾಗೆಯೇ ಬಿಟ್ಟ ಬಾಟಲಿ ಮನೆಯಲ್ಲಿದ್ದರೆ ಅದನ್ನು ಬಳಸಬೇಡಿ. ಹೆಚ್ಚಿನ ಇನ್ಸುಲಿನ್ ಬಾಟಲಿ ತೆರೆದ ಮೇಲೆ 28 ದಿನ ಮಾತ್ರ. ತೆರೆಯದೆ ಇಟ್ಟದ್ದಾದರೆ ಫ್ರಿಜ್ಜಿನ ಬಾಗಿಲಲ್ಲಿ ಅಲ್ಲ, ಒಳಗಿನ ಶೆಲ್ಫಿನಲ್ಲಿ, ಐಸ್ ಪೆಟ್ಟಿಗೆಯಿಂದ ದೂರ ಇರಲಿ.

ಇಂತಿ,
ಔಷಧದಂಗಡಿಯ ಮಾಲಕಿ,
ಕಂಕನಾಡಿ, ಮಂಗಳೂರು